ಪುಅರ್ ಕುಡಿಯುತ್ತಾ ಒಂದು ತಕರಾರು

— ಇಷ್ಟು ದುಡ್ಡು ಕೊಟ್ಟು ತಂದ ಪುಅರ್ ಚಹಾ. ಮೊದಲನೇ ಸಲದ್ದನ್ನೇ ಚೆಲ್ಲಿಬಿಟ್ಟೆಯಲ್ಲ!

— ಅದು ಎಲೆ ತೊಳೆದ ನೀರು. ಒತ್ತಿ ಬಿಲ್ಲೆ ಮಾಡಿದ ಎಲೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳೋದಿಲ್ಲ. ಕುದಿಯೋ ನೀರು ಹುಯ್ದು, ಐದು ಎಣಿಸೋದರೊಳಗೆ ಬಗ್ಗಿಸಿಬಿಟ್ಟರೆ ಧೂಳು ಹೋಗುತ್ತೆ, ಎಲೆ ಸಡಿಲ ಆಗುತ್ತೆ. ಈಗ ಮೂಸಿ ನೋಡು. ಬಟ್ಟಲನ್ನಲ್ಲ, ಮುಚ್ಚಳದ ಒಳಮೈ.

— ಸ್ವಲ್ಪ ಹೊಗೆ. ಒಣಹುಲ್ಲು. ಅದರ ಹಿಂದೆ ಯಾವುದೋ ಹಣ್ಣು, ಜರ್ದಾಳು ಇರಬೇಕು. ಹಾಲು ಹಾಕೋದಿಲ್ವಾ?

— ಟಿಬೆಟಿನವರು ಬೆಣ್ಣೆ, ಉಪ್ಪು ಹಾಕಿ ಕಡೆದು ಕುಡೀತಾರೆ. ಚೀನಾದ ಯುನ್ನಾನಿನಿಂದ ಹೇಸರಗತ್ತೆಗಳ ಬೆನ್ನೇರಿ ಬೆಟ್ಟ ದಾಟಿ ಅವರಿಗೆ ಹೋಗ್ತಿದ್ದದ್ದೂ ಹೀಗೆ ಒತ್ತಿದ ಚಹಾನೇ. ಬಿಡಿ ಎಲೆ ಹೇರಿದರೆ ಜಾಗ ಸಾಲದು, ದಾರೀಲಿ ಪುಡಿಪುಡಿ ಬೇರೆ. ಆದರೆ ಅವರಿಗೆ ಹೋಗ್ತಿದ್ದದ್ದು ಬಲಿತ ಎಲೆ, ಕಡ್ಡಿ. ಇದಕ್ಕೆ ಹಾಲು ಹಾಕಿದರೆ ಹಾಲೂ ಕೆಟ್ಟಿತು, ಚಹಾನೂ ಕೆಟ್ಟಿತು.

— ಅದೂ ಇಷ್ಟೇ ಇಷ್ಟು ಪುಟ್ಟ ಬಟ್ಟಲಲ್ಲಿ.

— ಒಂದು ಸಲಕ್ಕೆ ಅಷ್ಟು ಸಾಕು. ಈ ಮುಚ್ಚಳದ ಬಟ್ಟಲಿಗೆ ಗೈವಾನ್ ಅಂತಾರೆ, ನೂರು ಮಿಲಿಲೀಟರ್ ಹಿಡಿಯುತ್ತೆ. ಒಳಗಿರೋದು 7 ಗ್ರಾಂ ಎಲೆ. ನೀರು ಕಡಿಮೆ, ನೆನೆಯೋ ಹೊತ್ತು ಇನ್ನೂ ಕಡಿಮೆ. ಅದಕ್ಕೇ ಅದೇ ಎಲೆಗೆ ಹತ್ತು ಹನ್ನೆರಡು ಸಲ ನೀರು ಹುಯ್ಯಬಹುದು. ಕುಡಿ.

— ಅಯ್ಯಪ್ಪಾ, ಕಹಿ!

— ಇರಲಿ. ಕಹಿ ಇದ್ದರೆ ತಪ್ಪಲ್ಲ, ಎಷ್ಟು ಹೊತ್ತು ಕೂತಿರುತ್ತೆ ಅನ್ನೋದು ಮುಖ್ಯ. ಒಂದು ನಿಮಿಷ ಮಾತಾಡಬೇಡ.

— …ನಾಲಿಗೆಯ ಅಂಚಲ್ಲಿ ನೀರೂರ್ತಿದೆ. ಗಂಟಲಲ್ಲಿ ಏನೋ ಸಿಹಿ.

— ಹುಯ್‌ಗಾನ್ ಅಂತಾರೆ. ನೆಲ್ಲಿಕಾಯಿ ಅಗಿದು ಮೇಲೆ ನೀರು ಕುಡಿದರೆ ಆಗುತ್ತಲ್ಲ, ಅದೇ. ಯುನ್ನಾನಿನ ಬೆಟ್ಟಗಳಲ್ಲೂ ನೆಲ್ಲಿ ಬೆಳೆಯುತ್ತೆ, ಅವರೂ ಅದನ್ನೇ ಹೋಲಿಸಿ ಹೇಳ್ತಾರೆ. ಕಹಿ ಬರಬೇಕು, ಜಾಗ ಬಿಡಬೇಕು. ಬಿಡದೆ ನಾಲಿಗೆಗೆ ಅಂಟಿಕೊಂಡು, ಒಗರು ದವಡೆ ಹಿಡಿದು ಕೂತರೆ ಎಲೆ ಕೆಟ್ಟದ್ದು ಅಂತ ಲೆಕ್ಕ. ಇಲ್ಲಾ ಹುಯ್ದವನ ಕೈ ಕೆಟ್ಟದ್ದು.

— ಕಾಫಿ ತೋಟದಲ್ಲಿ ಬೆಳೆದವನಿಗೆ ಕಹಿ ಪಾಠ ಮಾಡ್ತೀಯಲ್ಲ. ನಾವು ಕಾಫಿ ರುಚಿ ನೋಡುವಾಗ ಒಂದು ಚಮಚ ಸುರ್ ಅಂತ ಹೀರಿ, ಉಗುಳಿ, ಅಂಕ ಬರೆದು ಮುಂದಿನ ಬಟ್ಟಲಿಗೆ ಹೋಗ್ತೀವಿ. ಹನ್ನೆರಡು ಸಲ ಕುಡಿದು ತೀರ್ಪು ಕೊಡೋಕೆ ಯಾರಿಗಿದೆ ಪುರಸೊತ್ತು?

— ಚೀನಾದ ಪರೀಕ್ಷಕರೂ ಹಾಗೇ ಮಾಡ್ತಾರೆ. 3 ಗ್ರಾಂ ಎಲೆಗೆ 150 ಮಿಲಿಲೀಟರ್ ಕುದಿನೀರು, ಕೆಲವು ನಿಮಿಷ ನೆನೆಸೋದು. ದೋಷ ಹಿಡಿಯೋಕೆ ಅದಕ್ಕಿಂತ ಒಳ್ಳೆ ದಾರಿ ಇಲ್ಲ. ಆದರೆ ಗುಣ ತಿಳೀಬೇಕಾದರೆ ಕಾಯಬೇಕು. ಬಡ ಎಲೆ ಮೊದಲ ಎರಡು ಬಟ್ಟಲಲ್ಲಿ ಘಮ್ ಅಂದು ನಾಲ್ಕನೆಯದಕ್ಕೆ ಬಿಸಿನೀರಾಗಿಬಿಡುತ್ತೆ. ಕಸುವಿರೋದು ಏಳೆಂಟನೇ ಬಟ್ಟಲಿಗೆ ಕಹಿಯೆಲ್ಲ ಕಳಕೊಂಡು, ಬರೀ ಸಿಹಿ ಇಟ್ಕೊಂಡು ನಿಲ್ಲುತ್ತೆ. ಅಂಗಡಿಯವನು ಎರಡು ಬಟ್ಟಲು ಕುಡಿಸಿ ಬಿಲ್ಲು ಹರಿಯೋಕೆ ಹೊರಟರೆ ಜಾಗ ಖಾಲಿ ಮಾಡು.

— ಬಿಲ್ಲೆ ಕೊಡು ಇಲ್ಲಿ. ಈ ಚೀಟಿ ಎಲೆಗಳ ಒಳಗೇ ಹೂತುಕೊಂಡಿದೆಯಲ್ಲ?

— ಒತ್ತುವಾಗಲೇ ಇಟ್ಟಿರ್ತಾರೆ, ಮೇಲಿನ ಕಾಗದ ಬದಲಾಯಿಸಿದರೂ ಗುರುತು ಉಳೀಲಿ ಅಂತ. ಹಿಂದೆ ತಿರುಗಿಸು. ನಡುವೆ ಗುಳಿ ಕಾಣ್ತಾ? ಹಬೆಯಲ್ಲಿ ಮೆತ್ತಗಾದ ಎಲೆಯನ್ನ ಬಟ್ಟೆಯ ಚೀಲಕ್ಕೆ ಹಾಕಿ, ಬಾಯಿ ತಿರುಚಿ ಗಂಟು ಹಾಕ್ತಾರೆ. ಆ ಗಂಟು ಕೂತ ಜಾಗ ಅದು. ದೊಡ್ಡ ಕಾರ್ಖಾನೆಗಳಲ್ಲಿ ಈಗ ಯಂತ್ರ ಒತ್ತುತ್ತೆ. ಹಳ್ಳಿ ಕಡೆ ಇನ್ನೂ ಕಲ್ಲು ಹೇರಿ, ಕಲ್ಲಿನ ಮೇಲೆ ಒಬ್ಬ ನಿಂತು ಅತ್ತಿತ್ತ ವಾಲಾಡ್ತಾನೆ. ಒಂದು ಬಿಲ್ಲೆ 357 ಗ್ರಾಂ. ಅಂಥ ಏಳನ್ನ ಬಿದಿರಿನ ಹಾಳೆಯಲ್ಲಿ ಸುತ್ತಿದರೆ ಎರಡೂವರೆ ಕಿಲೋದ ಒಂದು ಕಟ್ಟು.

— ಮೇಲೆ 7542 ಅಂತಿದೆ. 1975ರದ್ದಾ? ಹಾಗಿದ್ದರೆ ನೀನು ಮನೆ ಮಾರಿರಬೇಕು.

— ಈ ಅಂಕಿ ನೋಡಿ ಮೋಸಹೋದವರು ಬೇಕಾದಷ್ಟು. 75 ಅಂದರೆ ಈ ಮಿಶ್ರಣದ ಸೂತ್ರ ಹುಟ್ಟಿದ ವರ್ಷ, ಎಲೆ ಕೊಯ್ದ ವರ್ಷ ಅಲ್ಲ. 4 ಎಲೆಯ ದರ್ಜೆ. ಕೊನೆಯ 2 ಮೆಂಗ್‌ಹಾಯ್ ಕಾರ್ಖಾನೆ. ಅಲ್ಲಿ 1 ಇದ್ದರೆ ಕುನ್‌ಮಿಂಗ್, 3 ಇದ್ದರೆ ಶಿಯಾಗ್ವಾನ್. ಹೋದ ವರ್ಷ ಒತ್ತಿದ್ದೂ 7542ನೇ. ಇದು 2012ರದ್ದು.

— ಹಳೇದಾದಷ್ಟೂ ಒಳ್ಳೇದು ಅಂತ ಕೇಳಿದೀನಿ.

— ಮಾರೋರು ಹೇಳ್ತಾರೆ.

— ನೀನೇನು ಹೇಳ್ತೀಯ?

— ಎಲೆ ಚೆನ್ನಾಗಿರಬೇಕು, ಇಟ್ಟ ಜಾಗ ಚೆನ್ನಾಗಿರಬೇಕು. ವಯಸ್ಸು ಆಮೇಲೆ. ಕೆಟ್ಟ ಎಲೆಯನ್ನ ಮೂವತ್ತು ವರ್ಷ ಇಟ್ಟರೆ ಮೂವತ್ತು ವರ್ಷದ ಕೆಟ್ಟ ಎಲೆ ಸಿಗುತ್ತೆ.

— ಮಿಕ್ಕ ಚಹಾ ಹಳತಾದರೆ ಎಸೀತೀವಿ. ಇದು ಹೇಗೆ ಉಳಿಯುತ್ತೆ?

— ಒಣಗಿಸೋದರಲ್ಲಿ ಇದೆ ವ್ಯತ್ಯಾಸ. ಹಸಿರು ಚಹಾನ ಜೋರು ಕಾವಿನಲ್ಲಿ ಒಣಗಿಸಿ ಅದರ ಜೀವನೇ ನಿಲ್ಲಿಸಿಬಿಡ್ತಾರೆ. ಇದನ್ನ ಬಾಣಲೆಯಲ್ಲಿ ಒಂದಿಷ್ಟು ಬಾಡಿಸಿ, ಹೊಸೆದು, ಬಿಸಿಲಿಗೆ ಹರವಿ ಬಿಡ್ತಾರೆ. ಆ ಬಿಸಿಲೆಲೆಗೆ ಮಾವ್‌ಚಾ ಅಂತ ಹೆಸರು. ಅದರೊಳಗಿನ ಎಂಜೈಮ್ ಪೂರ್ತಿ ಸಾಯೋದಿಲ್ಲ, ಮೇಲೆ ಕೂತ ಸೂಕ್ಷ್ಮಜೀವಿಗಳೂ ಸಾಯೋದಿಲ್ಲ. ತೇವ, ಗಾಳಿ, ಹದವಾದ ಸೆಕೆ ಸಿಕ್ಕರೆ ವರ್ಷಾನುಗಟ್ಟಲೆ ನಿಧಾನವಾಗಿ ಕೆಲಸ ಮಾಡ್ತಾನೇ ಇರ್ತವೆ. ಕಹಿ ಒಗರು ಕೊಡೋ ಕ್ಯಾಟೆಚಿನ್‌ಗಳು ಕಮ್ಮಿ ಆಗ್ತವೆ, ಕಷಾಯದ ಬಣ್ಣ ಹಳದಿಯಿಂದ ಕಿತ್ತಳೆಗೆ, ಆಮೇಲೆ ಕೆಂಪಿಗೆ ತಿರುಗುತ್ತೆ. ದೊಡ್ಡ ಎಲೆಯ ಜಾತಿ ಬೇರೆ, ಅದರಲ್ಲಿ ಸರಕು ಜಾಸ್ತಿ. ಅಸ್ಸಾಮಿನ ಗಿಡದ್ದೇ ಜಾತಿ ಅದು. ಅಸ್ಸಾಮಿನ ಸಿಂಗ್ಫೋ ಜನ ಇವತ್ತಿಗೂ ಎಲೆಯನ್ನ ಬಿದಿರಿನ ಅಂಡೆಗೆ ತುರುಕಿ, ಹೊಗೆ ಮೇಲಿಟ್ಟು ಫಲಾಪ್ ಮಾಡ್ತಾರೆ. ಯುನ್ನಾನಿನ ದಾಯ್ ಜನರ ಬಿದಿರು ಚಹಾನೂ ಅದರ ಹತ್ತಿರದ್ದೇ. ಗಡಿ ಹಾಕಿದವರು ಚಹಾ ಕುಡಿಯೋರನ್ನ ಕೇಳಿರಲಿಲ್ಲ ಅನ್ಸುತ್ತೆ.

— ತೇವ, ಗಾಳಿ, ಸೆಕೆ ಅಂದೆಯಲ್ಲ. ಹಾಗಾದರೆ ಇದು ನಮ್ಮ ಮಾನ್ಸೂನ್ ಕಾಫಿ ಕಥೆ. ಮಂಗಳೂರಿನ ಕ್ಯೂರಿಂಗ್ ಗೋದಾಮುಗಳಲ್ಲಿ ಜೂನ್ ಬಂತು ಅಂದರೆ ಸಿಪ್ಪೆ ತೆಗೆದ ಬೀಜ ನೆಲದ ಮೇಲೆ ಹರವ್ತಾರೆ, ಸಮುದ್ರದ ಕಡೆಯ ಗಾಳಿ ಒಳಗೆ ಬಿಡ್ತಾರೆ, ಹಲಿಗೆಯಲ್ಲಿ ಎಳೆದು ತಿರುವ್ತಾರೆ. ಬೀಜ ಊದಿಕೊಂಡು ಹಸಿರು ಹೋಗಿ ತೆಳು ಹೊನ್ನಿನ ಬಣ್ಣಕ್ಕೆ ಬರುತ್ತೆ, ಹುಳಿ ಸತ್ತುಹೋಗುತ್ತೆ. ಹಡಗಿನ ಕಾಲದಲ್ಲಿ ಯೂರೋಪಿಗೆ ತಿಂಗಳುಗಟ್ಟಲೆ ಸಾಗುವಾಗ ಬೀಜ ತಾನಾಗೇ ಹಾಗಾಗ್ತಿತ್ತಂತೆ. ಪ್ರಯಾಣ ಚಿಕ್ಕದಾಯಿತು, ಗಿರಾಕಿಗೆ ಹಳೇ ರುಚಿಯೇ ಬೇಕಾಯಿತು, ಅದನ್ನ ದಡದಲ್ಲೇ ಮಾಡೋಕೆ ಶುರು ಮಾಡಿದರು.

— ನೀನು ಹೇಳಿದ್ದು ಪುಅರ್ ಚರಿತ್ರೆಯ ಅರ್ಧ ಭಾಗ. ಹಾಂಗ್‌ಕಾಂಗಿನ ತಿಂಡಿಮನೆಗಳಲ್ಲಿ ದಿಮ್‌ಸಮ್ ಜೊತೆ ಕೊಡ್ತಿದ್ದದ್ದು ಇದೇ. ಅವರು ಪೋಲೇ ಅಂತಾರೆ, ಸೇವಂತಿಗೆ ಹೂ ಬೆರೆಸಿಯೂ ಕುಡೀತಾರೆ. ಯುನ್ನಾನಿನಿಂದ ಬಂದ ಹೊಸ ಎಲೆ ಕಿತ್ತು ತಿನ್ನೋ ಹಾಗಿರುತ್ತೆ, ಜಿಡ್ಡು ತಿಂಡಿಗೆ ಮೆತ್ತಗಿನ ಕಪ್ಪು ಚಹಾನೇ ಬೇಕು. ಹತ್ತಾರು ವರ್ಷ ಕಾಯೋಕೆ ತಿಂಡಿಮನೆಯವನಿಗೆ ಆಗುತ್ತಾ? ವ್ಯಾಪಾರಿಗಳು ತೇವ ಇರೋ ಗೋದಾಮಿನಲ್ಲಿ ಪೇರಿಸಿ ಬೇಗ ಮಾಗಿಸೋಕೆ ನೋಡಿದರು. ಗುವಾಂಗ್‌ದಾಂಗ್ ಕಡೆ ಎಲೆಗೆ ನೀರೇ ಹೊಡೆದರು. ಅದನ್ನ ನೋಡಿಕೊಂಡು ಬಂದ ಕುನ್‌ಮಿಂಗ್ ಕಾರ್ಖಾನೆಯವರು 1973ರಲ್ಲಿ ಪ್ರಯೋಗ ಶುರು ಮಾಡಿದರು, ವು ಚೀಯಿಂಗ್ ಅನ್ನೋ ಮಹಿಳೆ ಅದರಲ್ಲಿ ಮುಂದಿದ್ದವರು. ಎಲೆ ರಾಶಿ ಹಾಕು, ನೀರು ಚಿಮುಕಿಸು, ಮುಚ್ಚು. ಒಳಗಡೆ ಕಾವು 60 ಡಿಗ್ರಿ ಹತ್ತಿರಕ್ಕೆ ಏರುತ್ತೆ. ಮೀರಿದರೆ ಎಲೆ ಸುಟ್ಟು ಇದ್ದಿಲು, ಆದ್ದರಿಂದ ಆಗಾಗ ರಾಶಿ ತಿರುವಬೇಕು. ಒಂದೂವರೆ ಎರಡು ತಿಂಗಳಿಗೆ ಕೆಲಸ ಮುಗೀತು. ಆ ವಿಧಾನಕ್ಕೆ ವೋದುಯ್ ಅಂತ ಹೆಸರು, ಆ ಚಹಾಗೆ ಶೋ. ನೀನೀಗ ಕುಡಿದದ್ದು ಶೆಂಗ್, ತಾನಾಗಿ ಮಾಗ್ತಿರೋದು.

— ಅಂದರೆ ಶೋ ಅನ್ನೋದು ನಕಲಿ ಮುಪ್ಪು.

— ಶುರುವಾದದ್ದು ಹಾಗೇ. ಆದರೆ ಕುಡಿದು ನೋಡಿದರೆ ಅದು ಹಳೇ ಶೆಂಗ್‌ನ ರುಚಿ ಅಲ್ಲವೇ ಅಲ್ಲ, ಬೇರೆಯೇ ಚಹಾ. ತಾಳು, ಅದನ್ನೂ ಮಾಡ್ತೀನಿ. ಅದಕ್ಕೆ ಮುಂಚೆ ಇದರದ್ದು ಇನ್ನೊಂದು ಬಟ್ಟಲು.

— ಈ ಸಲ ಕಹಿ ಅಷ್ಟಿಲ್ಲ. ಬಾಯಿ ತುಂಬಾ ಏನೋ ದಪ್ಪಗಿದೆ, ಗಂಜಿಯ ತಿಳಿ ಅಲ್ಲ, ನೀರೂ ಅಲ್ಲ.

— ಅದನ್ನೇ ಗಮನಿಸಬೇಕಾದ್ದು. ಪರಿಮಳದ ಹಿಂದೆ ಹೋಗೋರು ಊಲೋಂಗ್ ಕುಡೀಲಿ, ಅದರ ಮುಂದೆ ಇದು ನಿಲ್ಲೋದಿಲ್ಲ. ಪುಅರ್‌ನಲ್ಲಿ ನೋಡೋದು ಮೈ. ಬಾಯಲ್ಲಿ ಎಷ್ಟು ತುಂಬುತ್ತೆ, ನುಂಗಿದಾಗ ಗಂಟಲಲ್ಲಿ ಸಲೀಸಾಗಿ ಇಳಿಯುತ್ತಾ, ಗೀರುತ್ತಾ, ಇಳಿದ ಮೇಲೆ ಎಷ್ಟು ಹೊತ್ತು ಉಳಿಯುತ್ತೆ. ಊರಿಂದ ಊರಿಗೆ ಅದು ಬೇರೆ. ಬುಲಾಂಗ್ ಬೆಟ್ಟದ್ದು ಕಹಿ, ಒರಟು, ಎದೆಗೆ ಗುದ್ದೋ ಥರದ್ದು. ಯೀವು ಕಡೆಯದು ಮೆದು, ಜೇನಿನ ಸಿಹಿ. ಹೊಸಬರಿಗೆ ಏನೂ ಇಲ್ಲ ಅನ್ನಿಸೋದೇ ಜಾಸ್ತಿ. ಜಿಂಗ್‌ಮಾಯ್‌ದು ಹೂವಿನ ಪರಿಮಳ. ಅಲ್ಲಿ ಬ್ಲಾಂಗ್, ದಾಯ್ ಜನ ಕಾಡಿನ ಮರಗಳ ಅಡಿಯಲ್ಲೇ ಚಹಾ ಮರ ಬೆಳೆಸಿಕೊಂಡು ಬಂದಿದ್ದಾರೆ. 2023ರಲ್ಲಿ ಯುನೆಸ್ಕೋ ಅದನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

— ನೆರಳಿನ ಬೆಳೆ ಅಂದರೆ ನಮಗೆ ಬಿಡಿಸಿ ಹೇಳೋದು ಬೇಡ. ಬೆಲೆ ವಿಚಾರಕ್ಕೆ ಬಾ. ಮಾನ್ಸೂನ್ ಕಾಫಿ ಒಂದು ಮಳೆಗಾಲಕ್ಕೆ ಮುಗಿಯುತ್ತೆ, ಮಾರಿ ಕೈ ತೊಳಕೋತೀವಿ. ನಿಮ್ಮದು ಮುಗಿಯೋದೇ ಇಲ್ಲ. ಮುಗಿಯದ ವಸ್ತು ಅಂದರೆ ಸಟ್ಟಾ ಆಡೋರಿಗೆ ಹಬ್ಬ.

— ಹಬ್ಬ ಆಗಿಯೇ ಹೋಯಿತು. ಹಾಂಗ್‌ಕಾಂಗಿನಲ್ಲಿ ಅದು ಬಹಳ ಕಾಲ ಅಗ್ಗದ ಹೋಟೆಲ್ ಚಹಾ. ಹಳೇ ಸರಕು ಗೋದಾಮಿನ ಮೂಲೆಯಲ್ಲಿ ಬಿದ್ದಿರ್ತಿತ್ತು. ತೈವಾನಿನ ಸಂಗ್ರಾಹಕರು ಅದನ್ನ ಹುಡುಕಿ ಕೊಳ್ಳತೊಡಗಿದರು. 1995ರಲ್ಲಿ ಅಲ್ಲಿಯ ದೆಂಗ್ ಶಿಹಾಯ್ ಪುಅರ್ ಮೇಲೇ ಒಂದು ಪುಸ್ತಕ ಬರೆದರು. ಹಳೇ ಬಿಲ್ಲೆಗಳ ವಂಶಾವಳಿಯೆಲ್ಲ ಅದರಲ್ಲಿ ಬಂತು, ಇಟ್ಟಷ್ಟೂ ಘಮ ಅನ್ನೋ ಮಾತು ಬಾಯಿಂದ ಬಾಯಿಗೆ ಹರಡಿತು. ಆಮೇಲೆ ಕೇಳಬೇಕಾ? ಗುವಾಂಗ್‌ಜೌನ ಫಾಂಗ್‌ತ್ಸುನ್ ಸಗಟು ಪೇಟೆಯಲ್ಲಿ ಪೆಟ್ಟಿಗೆ ಒಡೆಯದೇ ಕೈ ಬದಲಾಗೋಕೆ ಶುರುವಾಯಿತು. 2007ರಲ್ಲಿ ಸಿಮಾವ್ ಅನ್ನೋ ನಗರ ತನ್ನ ಹೆಸರನ್ನೇ ಪುಅರ್ ಅಂತ ಬದಲಾಯಿಸಿಕೊಂಡಿತು. ಅದೇ ವರ್ಷ ಬೆಲೆ ನೆತ್ತಿಗೇರಿ, ಅಲ್ಲಿಂದ ಧೊಪ್ ಅಂತ ಬಿತ್ತು.

— ನೋಡಿದ್ಯಾ!

— ನೋಡಿದೆ. ಅದರಲ್ಲಿ ಚಹಾದ ತಪ್ಪೇನು? ಕುಡಿಯದೇ ಕೊಂಡವರು ಮುಳುಗಿದರು. ಸರ್ಕಾರ ಮಾರನೇ ವರ್ಷ ನಿಯಮ ಬಿಗಿ ಮಾಡ್ತು: ಯುನ್ನಾನಿನ ಗೊತ್ತಾದ ಪ್ರದೇಶದ ದೊಡ್ಡೆಲೆ, ಬಿಸಿಲಲ್ಲಿ ಒಣಗಿಸಿದ್ದು, ಅಲ್ಲೇ ತಯಾರಾದದ್ದು ಮಾತ್ರ ಪುಅರ್.

— ಲಾವ್ ಬಾನ್‌ಜಾಂಗ್ ಅಂತ ಒಂದು ಹೆಸರು ಕೇಳಿದ್ದೆ. ಚಿನ್ನದ ಬೆಲೆಯಂತೆ.

— ಬುಲಾಂಗ್ ಬೆಟ್ಟದ ಒಂದು ಹಳ್ಳಿ. ಹಳೇ ಮರಗಳಿವೆ, ಎಲೆ ನಿಜಕ್ಕೂ ದೊಡ್ಡ ಸತ್ವದ್ದು. ಆದರೆ ಆ ಹೆಸರು ಹೊತ್ತ ಕಾಗದ ಪೇಟೆಯಲ್ಲಿ ಎಷ್ಟಿದೆ ಅಂದರೆ, ಹಳ್ಳಿಯ ಮರಗಳೆಲ್ಲ ಹಗಲೂ ರಾತ್ರಿ ಚಿಗುರಿದರೂ ಸಾಲದು. ನೀನು ಕಾಫಿಯವನು, ಊರಿನ ಹೆಸರಿನ ವ್ಯಾಪಾರ ಏನು ಅಂತ ನಿನಗೆ ಗೊತ್ತು. '88 ಚಿಂಗ್' ಅಂತ ಇನ್ನೊಂದಿದೆ. ಹಾಂಗ್‌ಕಾಂಗಿನ ವ್ಯಾಪಾರಿಯೊಬ್ಬರು 1989ರಿಂದ 1992ರವರೆಗಿನ 7542 ಬಿಲ್ಲೆಗಳನ್ನ ಕೊಂಡು, ಎಲ್ಲರ ಹಾಗೆ ತೇವದಲ್ಲಿ ಮಾಗಿಸದೆ ಒಣ ಗೋದಾಮಿನಲ್ಲಿ ಇಟ್ಟರು. ಹೆಸರಿನಲ್ಲಿ 88, ಒಳಗೆ 88ರ ಎಲೆಯೇ ಇಲ್ಲ! ಕ್ಯಾಂಟನೀಸರಿಗೆ ಎಂಟು ಅದೃಷ್ಟದ ಅಂಕಿ, ಅಷ್ಟೇ. ಆದರೆ ಆ ಚಹಾದಿಂದ ಒಂದು ಮಾತು ಎಲ್ಲರಿಗೂ ಅರ್ಥ ಆಯಿತು: ಒಂದೇ ಕಾರ್ಖಾನೆಯ ಒಂದೇ ಸೂತ್ರದ ಬಿಲ್ಲೆ, ಇಟ್ಟ ಜಾಗ ಬೇರೆಯಾದರೆ ಬೇರೆ ಚಹಾ. ಕುನ್‌ಮಿಂಗ್‌ನ ಒಣ ಹವೆಯಲ್ಲಿ ಇಪ್ಪತ್ತು ವರ್ಷ ಇದ್ದದ್ದು ಇನ್ನೂ ಹುಡುಗನ ಹಾಗೆ ಎಗರಾಡ್ತಿರುತ್ತೆ; ಹಾಂಗ್‌ಕಾಂಗಿನಲ್ಲಿ ಅಷ್ಟೇ ವರ್ಷ ಇದ್ದದ್ದಕ್ಕೆ ಕರ್ಪೂರ, ಹಳೇ ಮರದ ವಾಸನೆ ಬಂದಿರುತ್ತೆ. ತೇವ ಮಿತಿ ಮೀರಿತೋ, ಬರೀ ಬೂಷ್ಟು. ಅದಕ್ಕೇ ಎಷ್ಟು ವರ್ಷದ್ದು ಅಂತ ನಾನು ಕೇಳೋದಿಲ್ಲ, ಎಲ್ಲಿತ್ತು ಅಂತ ಕೇಳ್ತೀನಿ.

— ಆದರೂ ಒಂದು ಅನುಮಾನ. ಹೇಳಿಕೊಟ್ಟ ಮೇಲೆ ತಿಳಿಯೋ ರುಚಿ ರುಚೀನಾ? ನೀನು ಸುಮ್ಮನಿರು ಅನ್ನದೇ ಇದ್ದಿದ್ದರೆ ಆ ಸಿಹಿ ನನಗೆ ಗೊತ್ತಾಗ್ತಿರಲಿಲ್ಲ.

— ಮೊದಲ ಸಲ ಫಿಲ್ಟರ್ ಕಾಫಿ ಕುಡಿದಾಗ ಚಿಕೋರಿ ಎಷ್ಟಿದೆ ಅಂತ ಹೇಳಿದ್ಯಾ?

— ಅದು ಸರಿ. ಹಾಗಂತ ಗೈವಾನ್ ಹಿಡಿದವರೆಲ್ಲ ಆಡೋ ಮಾತನ್ನ ನಂಬೋಕಾಗುತ್ತಾ? ಚಹಾದ ಛೀ ಅಂತಾರಲ್ಲ, ಬೆನ್ನಲ್ಲಿ ಬಿಸಿ ಹರಿಯೋದು, ಕಣ್ಣು ಹಗುರಾಗೋದು. ಅದು ಕೆಫೀನ್ ಕಣಯ್ಯ.

— ಇರಬಹುದು. ಖಾಲಿ ಹೊಟ್ಟೆಯಲ್ಲಿ ಹೊಸ ಶೆಂಗ್ ಆರು ಬಟ್ಟಲು ಕುಡಿದರೆ ನಿನಗೂ ಏನಾದರೊಂದು ಹರಿಯುತ್ತೆ. ನನಗೆ ಕೆಲವು ಚಹಾ ಕುಡಿದಾಗ ಬೆನ್ನು ಬೆಚ್ಚಗಾಗುತ್ತೆ, ಕೆಲವಕ್ಕೆ ಆಗೋದಿಲ್ಲ. ಅದನ್ನಿಟ್ಟುಕೊಂಡು ದುಡ್ಡು ಜಾಸ್ತಿ ಕೇಳೋನ ಹತ್ತಿರ ನಾನು ಕೊಳ್ಳೋದಿಲ್ಲ.

— ಬೊಜ್ಜು ಕರಗುತ್ತೆ ಅಂತಾನೂ ಮಾರ್ತಾರೆ.

— ನನ್ನ ಹೊಟ್ಟೆ ನೋಡು. ಬಾ, ಎಲೆ ನೋಡೋಣ. ಈ ಬಿಳಿ ತಟ್ಟೆ ಮೇಲೆ ಸುರಿದು ಒಂದೊಂದೇ ಬಿಡಿಸು. ಗುಣ ಪರೀಕ್ಷೆಯಲ್ಲಿ ಸುಳ್ಳು ಹೇಳದ ಭಾಗ ಇದು.

— ಹಸಿರು ಇನ್ನೂ ಇದೆ, ಕಂದು ಬೆರೆತ ಹಸಿರು. ಎಳೆದರೆ ಹರಿಯೋದಿಲ್ಲ, ಸ್ವಲ್ಪ ಹಿಗ್ಗುತ್ತೆ. ಕೆಲವು ತುಂಡು ಎಲೆ, ಒಂದೆರಡು ಕಡ್ಡಿ.

— ಕಾರ್ಖಾನೆ ಮಿಶ್ರಣ ಅಂದರೆ ತುಂಡು ಇದ್ದೇ ಇರುತ್ತೆ. ನರ ಎದ್ದು ಕಾಣುತ್ತಾ? ಎಲೆ ಮೇಣದ ಹಾಗೆ ಜಾರದೆ ಕೈಗೆ ಮೆತ್ತಗೆ ಸಿಗಬೇಕು. ತೇವದಲ್ಲಿ ಕೂಡಿಹಾಕಿದ ಶೆಂಗ್ ಆದರೆ ಇಷ್ಟರಲ್ಲಿ ಕರ್ರಗಿರ್ತಿತ್ತು. ಈಗ ಇದನ್ನ ನೋಡು, ಶೋ. ರಾಶಿ ತಿರುವೋದು ತಪ್ಪಿದ್ದರೆ ಇದ್ದಿಲಿನ ಹಾಗೆ ಗಟ್ಟಿಯಾಗಿ ಬಿಚ್ಚಿಕೊಳ್ಳದೇ ಉಳಿದ ಎಲೆ ಸಿಗುತ್ತೆ. ಇದರಲ್ಲಿಲ್ಲ. ಕುಡಿ.

— ಅಬ್ಬಾ, ಇದು ಕಾಫಿ ಬಣ್ಣ. ಖರ್ಜೂರ, ಮಳೆ ಬಿದ್ದ ಮಣ್ಣು, ಒಂಚೂರು ಅಣಬೆ. ಕಹಿ ಏನೇನೂ ಇಲ್ಲ. ಇದನ್ನ ಮೊದಲೇ ಕೊಡಬಾರದಿತ್ತಾ!

— ಮೊದಲೇ ಕೊಟ್ಟಿದ್ದರೆ ಶೆಂಗ್ ಮುಟ್ಟಿಯೂ ನೋಡ್ತಿರಲಿಲ್ಲ. ಹೊಸ ಶೋನಲ್ಲಿ ರಾಶಿಯ ಕೊಳೆತ ವಾಸನೆ ಇರುತ್ತೆ, ಒಂದೆರಡು ವರ್ಷ ಗಾಳಿಗಿಟ್ಟರೆ ಹೋಗುತ್ತೆ. ಮೀನಿನ ನಾತ ಬಂದರೆ ಮಾತ್ರ ಎಸೆದುಬಿಡು.

— ನಿನ್ನ ಶೆಂಗ್ ನೀನೇ ಇಟ್ಕೋ, ನನಗೆ ಇದು ಹಿಡಿಸ್ತು. ತಪ್ಪಾ?

— ಏನು ತಪ್ಪು? ಶೋ ಕುಡಿಯೋರನ್ನ ಕಂಡರೆ ಮೂಗು ಮುರಿಯೋರಿದ್ದಾರೆ. ಅವರು ಹೇಳೋದು ಕೇಳಿಸ್ಕೋಬೇಡ. ಅಗ್ಗದ್ದು ಕೂಡ. ಪೂರ್ತಿ ಬಿಲ್ಲೆ ತಗೋಬೇಡ, 25 ಗ್ರಾಂ ಮಾದರಿ ತರಿಸಿ ನಾಲ್ಕಾರು ಬಗೆ ಕುಡಿದು ನೋಡು. ನೀರು ಮಾತ್ರ ಬೋರ್‌ವೆಲ್‌ದು ಬೇಡ. ಗಡಸು ನೀರು ಬಿತ್ತು ಅಂದರೆ ಮೇಲೊಂದು ಪೊರೆ ಕಟ್ಟುತ್ತೆ, ಎಂಥ ಎಲೆಯೂ ಸಪ್ಪೆ. ಕಾವೇರಿ ನೀರು ಪರವಾಗಿಲ್ಲ. ಭುಗಭುಗ ಕುದಿಸು. ಕುನ್‌ಮಿಂಗ್ ಇರೋದು ಸುಮಾರು 1,900 ಮೀಟರ್ ಎತ್ತರದಲ್ಲಿ, ಅಲ್ಲಿ ನೀರು 94 ಡಿಗ್ರಿ ಆಸುಪಾಸಿಗೇ ಕುದಿದುಬಿಡುತ್ತೆ. ಬೆಂಗಳೂರಿನಲ್ಲಿ 97 ಸಿಗುತ್ತೆ, ನೀನೇ ವಾಸಿ.

— ಇಡೋದೆಲ್ಲಿ?

— ಅಡುಗೆಮನೆ ಬೇಡ, ದೇವರಮನೆ ಬೇಡ. ಒಗ್ಗರಣೆ, ಊದುಬತ್ತಿ ಎಲ್ಲಾ ಎಳಕೊಳ್ಳುತ್ತೆ. ಬಿಸಿಲು ಬೀಳದ ಕಪಾಟು, ಗಾಳಿಯ ತೇವ ಶೇ 60-70 ಇದ್ದರೆ ಸಾಕು. ಕಾಗದ ಬಿಚ್ಚಬೇಡ, ಪ್ಲಾಸ್ಟಿಕ್ಕಿಗೆ ಹಾಕಬೇಡ.

— ಮೂಡಿಗೆರೆ ಮನೇಲಿ ಇಟ್ಟರೆ?

— ಜುಲೈ ಮಳೆಯಲ್ಲಾ? ಆಗಸ್ಟಿಗೆ ಹೋಗಿ ನೋಡಿದರೆ ಬಿಲ್ಲೆಗೆ ಬಿಳೀ ಗಡ್ಡ ಬಂದಿರುತ್ತೆ.

— ಅಲ್ಲಿ ಗೋದಾಮಿದೆ, ಬೆಚ್ಚಗೆ ಒಣಗಿರುತ್ತೆ. ಕಾಫಿ ಮೂಟೆ ಪಕ್ಕದಲ್ಲಿ ಒಂದು ಮೂಲೆ…

— ಕಾಫಿ ಮೂಟೆ ಪಕ್ಕದಲ್ಲಾ? ಇಡು, ಆದರೆ ಆಮೇಲೆ ಅದನ್ನ ನನಗೆ ಕುಡಿಸೋಕೆ ಬರಬೇಡ.